ಬಾಣದ ಗುರುತಿನ ನಡುವೆ

ನಮ್ಮ ಪಠ್ಯಪುಸ್ತಕಗಳು ರಾಸಾಯನಿಕ ಕ್ರಿಯೆಯ ಆದಿ-ಅಂತ್ಯಗಳನ್ನು ತಿಳಿಸಿ, ನಡುವಣ ವೃತ್ತಾಂತವನ್ನು ಒಂದು ಬಾಣದ ಗುರುತಿಗೆ ಒಪ್ಪಿಸಿಬಿಡುತ್ತವೆ. ವೇಗವರ್ಧಕದ ಮಹಿಮೆಯಾದರೋ ಆ ನಡುವಿನಲ್ಲಿಯೇ ಅಡಗಿದೆ. ಅಲ್ಲಿ ಹುಟ್ಟಿ ಕ್ಷಣಾರ್ಧದಲ್ಲಿ ಅಳಿಯುವ ರಾಡಿಕಲ್‌ಗಳಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನ್ ಇರುತ್ತದೆ. ಕಾಂತಕ್ಷೇತ್ರದಲ್ಲಿರಿಸಿದಾಗ ಅದು ನಿರ್ದಿಷ್ಟ ಸೂಕ್ಷ್ಮತರಂಗವನ್ನು ಹೀರಿ ತನ್ನ ಇರವನ್ನು ಸಾರುತ್ತದೆ. 1944ರಲ್ಲಿ ರಷ್ಯದ ಕಜಾನ್ ನಗರದಲ್ಲಿ ಜವೋಯಿಸ್ಕಿ ಕಂಡುಹಿಡಿದ ಈ ವಿದ್ಯಮಾನವೇ ಎಲೆಕ್ಟ್ರಾನ್ ಸ್ಪಿನ್ ಅನುರಣನ.

1985ರಲ್ಲಿ ಅಮೆರಿಕದ ಲನ್ಸ್‌ಫರ್ಡ್ ಮತ್ತು ಸಂಗಡಿಗರು, ಮೀಥೇನನ್ನು ಈಥೇನಾಗಿಸುವ ಲಿಥಿಯಂ ಬೆರೆತ ಮೆಗ್ನೀಷಿಯಂ ಆಕ್ಸೈಡಿನಿಂದ ಹೊಮ್ಮಿದ ಮೀಥೈಲ್ ರಾಡಿಕಲ್‌ಗಳನ್ನು ಹೆಪ್ಪುಗಟ್ಟಿದ ಆರ್ಗಾನಿನಲ್ಲಿ ಸೆರೆಹಿಡಿದು, ಈ ವಿಧಾನದಿಂದ ಗುರುತಿಸಿದರು. ಸ್ಥಳದಲ್ಲಿ ಕಂಡವರೆಲ್ಲ ಕರ್ತೃಗಳಲ್ಲವಷ್ಟೆ! ಆದುದರಿಂದ ವೇಗವರ್ಧಕದಲ್ಲಿನ ಕ್ರಿಯಾಶೀಲ ಆಮ್ಲಜನಕ ಕೇಂದ್ರಗಳು ಹೆಚ್ಚಿದಂತೆ ರಾಡಿಕಲ್‌ಗಳೂ ಹೆಚ್ಚುವುದನ್ನು ತೋರಿಸಿದರು.

ಇಂಥ ಉಪಕರಣವು ಶಾಲೆಗೆ ಎಟುಕಲಾರದು. ಆದರೆ ‘ಇದು ತಿಳಿದುಬಂದದ್ದು ಹೇಗೆ?’ ಎಂಬ ಪ್ರಶ್ನೆಗೆ ಹಣ ಬೇಕಿಲ್ಲ. ಅದನ್ನು ಕೇಳದೆ ಬಾಯಿಪಾಠ ಮಾಡಿದ ಸಮೀಕರಣವು ಪರೀಕ್ಷೆಯಾಚೆಗೆ ಉಳಿಯದು. ದಾನಿಗಳ ಔದಾರ್ಯದಿಂದ ಪ್ರಯೋಗಶಾಲೆ ಏಳಬಹುದು; ಆ ಪ್ರಶ್ನೆಯನ್ನು ಕಲಿಸಬಲ್ಲವರು ಅಧ್ಯಾಪಕರೇ. ಕರಿಹಲಗೆಯ ಮೇಲೆ ಬಾಣದ ಗುರುತನ್ನೆಳೆದ ಬಳಿಕ ಅವರು ಒಂದು ನಿಮಿಷ ಅಲ್ಲಿಯೇ ನಿಲ್ಲಲಿ ಎಂಬುದೇ ನನ್ನ ವಿನಂತಿ.