ರಾತ್ರಿ ಪಾಳಿಯಲ್ಲಿ ಸಿರಿಂಜ್ ಹಿಡಿದವರು ಯಾರು?

ಎರಡು ವರ್ಷದ ಹಿಂದೆ ಅಮ್ಮನನ್ನು ನಮ್ಮ ತಾಲ್ಲೂಕು ಕೇಂದ್ರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದೆ. ವಾಂತಿಭೇದಿಯಾಗಿ ಮೈಯಲ್ಲಿ ಪೊಟ್ಯಾಸಿಯಂ ಇಳಿದುಹೋಗಿತ್ತು. ರಾತ್ರಿ ಎರಡರ ಹೊತ್ತಿಗೆ ಗುಲಾಬಿ ಯೂನಿಫಾರ್ಮಿನ ಹುಡುಗಿಯೊಬ್ಬಳು ಸಿರಿಂಜಿಗೆ ಪೊಟ್ಯಾಸಿಯಂ ಕ್ಲೋರೈಡ್ ಎಳೆದುಕೊಂಡು ಬಂದು, ಅಮ್ಮನ ಕೈಗೆ ಹಾಕಿದ್ದ ಕ್ಯಾನುಲಾಕ್ಕೆ ನೇರವಾಗಿ ತಳ್ಳಲು ಹೊರಟಳು. ಪಕ್ಕದ ಹಾಸಿಗೆಯವರನ್ನು ನೋಡಿಕೊಳ್ಳಲು ಬಂದಿದ್ದ ನಿವೃತ್ತ ನರ್ಸ್ ಒಬ್ಬರು "ಏಯ್, ನಿಲ್ಲು! ಅದನ್ನ ಬಾಟ್ಲಿಗೆ ಹಾಕ್ಬೇಕು ಕಣಮ್ಮ" ಎಂದು ಕೂಗಿದ್ದರಿಂದ ಅಮ್ಮ ಉಳಿದರು. ಆ ಔಷಧವನ್ನು ಸಲೈನಿನಲ್ಲಿ ಬೆರೆಸಿ ಗಂಟೆಗಟ್ಟಲೆ ನಿಧಾನವಾಗಿ ಇಳಿಸಬೇಕು. ಹಾಗೇ ತಳ್ಳಿದರೆ ಹೃದಯವೇ ನಿಂತುಬಿಡಬಹುದು.

ಆ ಹುಡುಗಿ ಓದಿದ್ದು ಪಿಯುಸಿ. ಸೇರಿ ಏಳು ತಿಂಗಳಾಗಿತ್ತು, ಸಂಬಳ ಒಂಬತ್ತು ಸಾವಿರ. "ಅಕ್ಕಾ, ನಂಗೆ ಯಾರೂ ಹೇಳ್ಕೊಟ್ಟಿಲ್ಲ" ಎಂದು ಗೋಡೆಗೊರಗಿ ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹದಿನಾಲ್ಕು ರೋಗಿಗಳನ್ನು ಅವಳೊಬ್ಬಳ ಕೈಗೆ ಒಪ್ಪಿಸಿ ಮನೆಗೆ ಹೋದವರ ಮೇಲಿದೆ.

2017ರ ನವೆಂಬರ್ ನೆನಪಿರಬಹುದು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿ ವಿರೋಧಿಸಿ ವೈದ್ಯರು ಮುಷ್ಕರ ಹೂಡಿದ್ದರು, ಬೆಳಗಾವಿ ಅಧಿವೇಶನ ಕಾವೇರಿತ್ತು. ಜಗಳವೆಲ್ಲ ದರ ನಿಗದಿ ಮತ್ತು ಜೈಲು ಶಿಕ್ಷೆಯ ಸುತ್ತಲೇ ನಡೆಯಿತು. ನಡುರಾತ್ರಿ ಇಂಜೆಕ್ಷನ್ ಕೊಡುವವರ ಅರ್ಹತೆಯ ಪ್ರಶ್ನೆ ಆ ಗದ್ದಲದಲ್ಲಿ ಮುನ್ನೆಲೆಗೆ ಬರಲೇ ಇಲ್ಲ. ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಮುಗಿಸಿದವರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ಆದರೆ ಎದುರಿಗೆ ನಿಂತವರಿಗೆ ಆ ನೋಂದಣಿ ಇದೆಯೇ ಎಂದು ರೋಗಿಯ ಕಡೆಯವರಿಗೆ ಹೇಗೆ ತಿಳಿಯಬೇಕು? ಯೂನಿಫಾರ್ಮ್ ಹಾಕಿದವರೆಲ್ಲ ನಮ್ಮ ಬಾಯಲ್ಲಿ 'ಸಿಸ್ಟರ್'.

ಓದಿದ ನರ್ಸುಗಳು ಸಿಗುವುದಿಲ್ಲ, ಎಲ್ಲ ಬೆಂಗಳೂರು, ಗಲ್ಫ್ ಎಂದು ಹೊರಟುಹೋಗುತ್ತಾರೆ ಎನ್ನುತ್ತಾರೆ ಮಾಲೀಕರು. ಹೋಗುವುದು ನಿಜ. ಯಾಕೆ ಹೋಗುತ್ತಾರೆ? 2016ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನದ ಮೇರೆಗೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದಿತ್ತು. ನಾನು ನೋಡಿದ ಹುಡುಗಿಗೆ ಅದರ ಅರ್ಧವೂ ಇರಲಿಲ್ಲ. ಸಣ್ಣ ಊರಿನ ಸಣ್ಣ ಆಸ್ಪತ್ರೆಯ ಕಷ್ಟ ನನಗೆ ಅರ್ಥವಾಗುತ್ತದೆ, ಹೆರಿಗೆಗೆ, ಹಾವು ಕಡಿತಕ್ಕೆ ನಾವು ಓಡುವುದು ಅಲ್ಲಿಗೇ. ಆದರೆ ಸ್ಕ್ಯಾನಿಂಗ್ ಯಂತ್ರಕ್ಕೆ ಸಾಲ ಹುಟ್ಟುತ್ತದೆ, ಹೊಸ ಮಹಡಿ ಏಳುತ್ತದೆ; ದುಡ್ಡಿಲ್ಲ ಎಂಬ ಮಾತು ಬರುವುದು ನರ್ಸಿನ ಸಂಬಳದ ಹೊತ್ತಿಗೆ.

ಪಿಯುಸಿ ಹುಡುಗಿಯರನ್ನು ಮನೆಗೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಹಾಸಿಗೆ ಬದಲಿಸಲು, ರೋಗಿಯನ್ನು ಎಬ್ಬಿಸಿ ಕೂರಿಸಲು ಅವರು ಬೇಕು, ಅದಕ್ಕೂ ತರಬೇತಿ ಬೇಕು. ಔಷಧ ಮತ್ತು ಸಿರಿಂಜ್ ಮಾತ್ರ ನೋಂದಾಯಿತ ನರ್ಸಿನ ಕೈಯಲ್ಲೇ ಇರಲಿ. ಬ್ಯಾಡ್ಜಿನ ಮೇಲೆ ಹೆಸರಿನ ಜೊತೆ ನೋಂದಣಿ ಸಂಖ್ಯೆ ಇರಲಿ. ದರಪಟ್ಟಿ ತೂಗುಹಾಕುವ ಗೋಡೆಯಲ್ಲೇ ಆ ರಾತ್ರಿಯ ಪಾಳಿಯ ಪಟ್ಟಿಯೂ ಇರಲಿ. ಪ್ರತಿ ಜಿಲ್ಲೆಯಲ್ಲೂ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅವರ ತಂಡ ಒಮ್ಮೆ ಮುನ್ಸೂಚನೆ ಕೊಡದೆ, ರಾತ್ರಿ ಎರಡು ಗಂಟೆಗೆ, ವಾರ್ಡಿನೊಳಗೆ ಕಾಲಿಡಲಿ.