ಸುತ್ತಿಗೆ ಕೆಳಗಿಡಿ ಸ್ವಾಮಿ!

ತೋಟದ ಹಳೇ ಪವರ್ ಟಿಲ್ಲರಿನ ಚಕ್ರ ಆಕ್ಸಲ್‌ಗೆ ಕಚ್ಚಿಕೊಂಡು ಹೊರಗೆ ಬರ್ತಿಲ್ಲ ಅಂದ್ರೆ ನಮ್ಮ ದೊಡ್ಡಬಳ್ಳಾಪುರದ ಕಡೆ ಮೂರು ಸಲಹೆ ಪುಕ್ಕಟೆ ಸಿಗುತ್ತೆ. ಒಂದು, "ಹೊಡಿ, ಬರ್ಲಿಲ್ಲ ಅಂದ್ರೆ ಇನ್ನೂ ಜೋರಾಗಿ ಹೊಡಿ". ಎರಡು, "ಗ್ಯಾಸ್ ತಂದು ಕಾಯ್ಸು, ಆಗ್ಲಿಲ್ಲ ಅಂದ್ರೆ ಕಟ್ ಮಾಡು". ಮೂರು, "ಗುಜರಿಗೆ ಹಾಕಿ ಹೊಸದು ತಗೊಳಪ್ಪ, ಸಬ್ಸಿಡಿ ಇದೆಯಲ್ಲ".

ಮೂರನೇ ಸಲಹೆ ಕೊಡೋರಲ್ಲಿ ನಮ್ಮ ಸಾಫ್ಟ್‌ವೇರ್ ಜನ ಮುಂದೆ. ಹಳೇ ಕೋಡ್ ಅರ್ಥ ಆಗ್ಲಿಲ್ಲ ಅಂದ ತಕ್ಷಣ "ಎಲ್ಲಾ ಎಸೆದು ಹೊಸದಾಗಿ ಬರೆಯೋಣ" ಅನ್ನೋ ಬುದ್ಧಿ ನಮ್ಮದು. ಅದೇ ಬುದ್ಧೀನ ಶನಿವಾರ ಊರಿಗೆ ಹೋದಾಗ ತೋಟಕ್ಕೂ ತಗೊಂಡು ಹೋಗ್ತೀವಿ. ಇಂಜಿನ್ ಗಟ್ಟಿ ಇದೆ, ಗೇರ್ ಸರಿ ಇದೆ, ತುಕ್ಕು ಹಿಡಿದಿರೋದು ಒಂದು ಗೇಣು ಉದ್ದದ ಕಬ್ಬಿಣ. ಅದಕ್ಕೋಸ್ಕರ ಇಡೀ ಯಂತ್ರ ಗುಜರಿಗಾ?

ಚಕ್ರ ಯಾಕೆ ಕಚ್ಚಿಕೊಳ್ಳುತ್ತೆ ಅಂತ ಮೊದಲು ನೋಡೋಣ. ಹಬ್ಬಿಗೂ ಆಕ್ಸಲ್‌ಗೂ ನಡುವೆ ಇರೋ ಸಂದು ಬಹಳ ಕಮ್ಮಿ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಾಗುತ್ತೆ. ಆ ಸಂದಿಯೊಳಗೆ ಊದಿಕೊಂಡ ತುಕ್ಕು ಬೆಣೆ ಹೊಡೆದ ಹಾಗೆ ಕೂತುಬಿಡುತ್ತೆ. ಜೊತೆಗೆ ಕೆಸರು, ಗೊಬ್ಬರ. ಪೊಟ್ಯಾಷ್ ಗೊಬ್ಬರದಲ್ಲಿರೋ ಕ್ಲೋರೈಡ್ ಅಂತೂ ತುಕ್ಕಿಗೆ ಹಬ್ಬದೂಟ.

ನಮ್ಮ ಕಡೆ ಇನ್ನೊಂದು ಕಾರಣ ಇದೆ. ಭತ್ತ ಬೆಳೆಯೋ ಊರಲ್ಲಿ ಕೆಸರು ಗದ್ದೆ ಹೂಡೋಕೆ ರಬ್ಬರ್ ಚಕ್ರ ಬಿಚ್ಚಿ ಕಬ್ಬಿಣದ ಚಕ್ರ ಹಾಕ್ತಾರೆ. ಹಾಗಾಗಿ ಅಲ್ಲಿ ವರ್ಷಕ್ಕೊಂದು ಸಲವಾದ್ರೂ ಆಕ್ಸಲ್ ಗಾಳಿ ಕಾಣುತ್ತೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ. ಹಾಕಿದ ರಬ್ಬರ್ ಚಕ್ರ ಹತ್ತು ವರ್ಷವಾದ್ರೂ ಬಿಚ್ಚೋ ಪ್ರಸಂಗವೇ ಬರಲ್ಲ. ಪಂಚರ್ ಅಲ್ಲೇ ಹಾಕಿಸ್ತೀವಿ. ಹಾಗಾಗಿ ಕಚ್ಚಿಕೊಳ್ಳೋದು ಯಂತ್ರದ ವಯಸ್ಸಿನ ದೋಷ ಅಲ್ಲ, ಬಿಚ್ಚದೇ ಇರೋದರ ಫಲ.

ಈಗ ಸುತ್ತಿಗೆ ವಿಷಯ. ಆಕ್ಸಲ್ ತುದಿಗೆ ದೊಡ್ಡ ಸುತ್ತಿಗೆಯಿಂದ ಬಾರಿಸಿದರೆ ಆ ಪೆಟ್ಟು ಒಳಗಿನ ಬೇರಿಂಗ್‌ಗೆ, ಗೇರ್ ಕೇಸಿಗೆ ಹೋಗುತ್ತೆ. ತುದಿ ಅಣಬೆ ಥರ ಅರಳುತ್ತೆ. ಅರಳಿದ ಮೇಲೆ ತುಕ್ಕು ಬಿಟ್ಟರೂ ಚಕ್ರ ಬರಲ್ಲ! ರಿಮ್ಮಿಗೆ ಹೊಡೆದರೆ ರಿಮ್ ಸೊಟ್ಟ, ಎರಕದ ಹಬ್ಬಿಗೆ ಹೊಡೆದರೆ ಬಿರುಕು. ನೂರು ರೂಪಾಯಿ ಎಣ್ಣೆಯಲ್ಲಿ ಮುಗಿಯೋ ಕೆಲಸ ಸಾವಿರಾರು ರೂಪಾಯಿಗೆ ಹೋಗೋದು ಹೀಗೆ.

ಬೆಂಕಿ? ಸಣ್ಣ ಲೆಕ್ಕ ಹಾಕಿ. 30 ಮಿ.ಮೀ. ತೂತಿನ ಹಬ್ ಅನ್ನು 150 ಡಿಗ್ರಿ ಹೆಚ್ಚಿಗೆ ಕಾಯಿಸಿದರೆ ತೂತು ಹಿಗ್ಗೋದು ಸುಮಾರು 0.05 ಮಿ.ಮೀ. ಅದೂ ಆಕ್ಸಲ್ ತಣ್ಣಗಿದ್ದರೆ ಮಾತ್ರ. ಅರ್ಧ ಗಂಟೆ ಉರಿ ಹಿಡಿದರೆ ಎರಡೂ ಕಾಯುತ್ತೆ, ಲಾಭ ಸೊನ್ನೆ, ಆಯಿಲ್ ಸೀಲ್ ಸುಟ್ಟಿದ್ದೇ ಬಂತು. ಕಾಯಿಸೋದೇ ತಪ್ಪು ಅಂತಲ್ಲ, ಮೊದಲೇ ಕಾಯಿಸೋದು ತಪ್ಪು. ಗಾಳಿ ತುಂಬಿದ ಟೈರ್ ಇರುವಾಗ ರಿಮ್ಮಿಗೆ ಬೆಂಕಿ ಹಿಡಿಯೋದಂತೂ ಪ್ರಾಣಕ್ಕೇ ಅಪಾಯ, ಟೈರ್ ಸಿಡಿಯುತ್ತೆ. ಕಾಯಿಸಲೇಬೇಕು ಅಂದ್ರೆ ಟೈರು ಟ್ಯೂಬು ಎರಡನ್ನೂ ಬಿಚ್ಚಿಟ್ಟು, ಸುತ್ತಮುತ್ತ ಎಣ್ಣೆ ಒರೆಸಿ, ಹಬ್ ಮಾತ್ರ ಬೇಗ ಕಾಯಿಸಬೇಕು.

ಹಾಗಾದ್ರೆ ಏನು ಮಾಡ್ಬೇಕು? ಜಾಕ್ ಒಂದನ್ನೇ ನಂಬದೆ ಅಡಿಗೆ ಮರದ ದಿಮ್ಮಿ ಕೊಡಿ. ಕೆಸರು ಕೆರೆದು ತಂತಿ ಬ್ರಷ್‌ನಲ್ಲಿ ಉಜ್ಜಿ. ಲಾಕ್ ಬೋಲ್ಟೋ, ಪಿನ್ನೋ, ಕ್ಲಿಪ್ಪೋ ಕೆಸರಲ್ಲಿ ಮುಚ್ಚಿಹೋಗಿರುತ್ತೆ, ಅದನ್ನ ತೆಗೆಯದೇ ಹೊಡೆಯೋರು ಎಷ್ಟು ಜನ! ಆಕ್ಸಲ್‌ನ ಹೊರಗೆ ಕಾಣೋ ಭಾಗ ಅರ ಹಾಕಿ ನುಣುಪು ಮಾಡಿ, ಚಕ್ರ ಜಾರಬೇಕಾಗಿರೋದು ಅದರ ಮೇಲೇ ತಾನೆ. ತುಕ್ಕು ಬಿಡಿಸೋ ಎಣ್ಣೆಯನ್ನ ಬೆಳಿಗ್ಗೆ ಸಂಜೆ ಬಿಡಿ, ಎರಡೂ ಕಡೆಯಿಂದ. ಪ್ರತಿ ಸಲ ಹಬ್ಬಿನ ಸುತ್ತ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಆ ಅದುರಿಗೆ ಎಣ್ಣೆ ಒಳಗಿಳಿಯುತ್ತೆ. ಮೂರ್ನಾಲ್ಕು ದಿನ ಕಾಯಿರಿ. ಆಮೇಲೆ ಪುಲ್ಲರ್. ಅದರ ಕಾಲು ರಿಮ್ಮಿಗಲ್ಲ, ಹಬ್ಬಿಗೆ ಸಿಗಿಸಬೇಕು. ಸ್ಕ್ರೂ ಬಿಗಿ ಮಾಡಿ, ಒಂದು ರಾತ್ರಿ ಬಿಡಿ, ಮತ್ತೆ ಸ್ವಲ್ಪ ಬಿಗಿ ಮಾಡಿ.

ನಮ್ಮ ದೊಡ್ಡಪ್ಪನ ಟಿಲ್ಲರ್‌ಗೆ ಪೇಟೆಯ ಮೆಕ್ಯಾನಿಕ್ ಒಬ್ಬರು "ಆಕ್ಸಲ್ಲೇ ಕಟ್ ಮಾಡ್ಬೇಕು" ಅಂದಿದ್ರು. ದೊಡ್ಡಪ್ಪ "ನೋಡಾನ ತಡಿಯಪ್ಪ, ಅವಸರ ಏನೈತೆ" ಅಂತ ಎಣ್ಣೆ ಬಿಡ್ತಾ ಕೂತ್ರು. ಐದನೇ ದಿನ ಪುಲ್ಲರ್ ತಿರುಗಿಸ್ತಿದ್ದ ಹಾಗೆ 'ಟಕ್' ಅಂತ ಬಂತು :-) ಈಗ ಆ ಆಕ್ಸಲ್‌ಗೆ ಗ್ರೀಸ್ ಬಳಿದಿದೆ. ಪ್ರತಿ ಆಯುಧಪೂಜೆಗೆ ಚಕ್ರ ಬಿಚ್ಚಿ ಒರೆಸಿ ಹಾಕೋದು ಅಂತ ನಿಯಮ. ಕುಂಬಳಕಾಯಿ ಒಡೆಯೋದರ ಜೊತೆ ಇದನ್ನೂ ಮಾಡಿದ್ರೆ ಆಯುಧಕ್ಕೆ ನಿಜವಾದ ಪೂಜೆ.

ಇನ್ನು ಸಬ್ಸಿಡಿ. 2014-15ರಲ್ಲಿ ಶುರುವಾದ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ ಟಿಲ್ಲರ್ ಕೊಳ್ಳೋಕೆ ಸಹಾಯಧನ ಕೊಟ್ಟಿತು, ಒಳ್ಳೇದೇ. ಆದ್ರೆ ಉಳಿದ ದುಡ್ಡು ಯಾರ ಜೇಬಿಂದ? ಎರಡೆಕರೆ ದ್ರಾಕ್ಷಿಯೋರಿಗೆ ಅದು ಸಾಲ. ಚಪ್ಪರದ ಕೆಳಗೆ ದೊಡ್ಡ ಟ್ರಾಕ್ಟರ್ ನುಗ್ಗಲ್ಲ, ಅವರಿಗೆ ಟಿಲ್ಲರೇ ಎತ್ತು. ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ವಿಎಸ್‌ಟಿ ಕಂಪನಿ ಬೆಂಗಳೂರಲ್ಲಿ ಶುರುವಾಗಿದ್ದು 1967ರಲ್ಲಿ. ಅಂದ್ರೆ ಇದು ನಮಗೆ ನಿನ್ನೆ ಮೊನ್ನೆ ಬಂದ ಯಂತ್ರ ಅಲ್ಲ. ಇಷ್ಟು ವರ್ಷ ಆದ್ಮೇಲೂ ಚಕ್ರ ಬಿಚ್ಚೋ ವಿದ್ಯೆ ಬಾಯಿಂದ ಬಾಯಿಗೆ ಹೋಗ್ತಾ ಅರ್ಧಕ್ಕರ್ಧ ಕಳೆದು, ಕೊನೆಗೆ ಬರೀ "ಹೊಡಿ" ಅನ್ನೋದು ಉಳಿದಿದೆ. ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಬಿತ್ತನೆ, ಗೊಬ್ಬರದ ಮಾತಿನ ಜೊತೆ ಇದಕ್ಕೂ ವರ್ಷಕ್ಕೆ ಒಂದು ದಿನ ಸಿಗಬೇಕು ಅಂತ ನಾವು ಕೇಳಬೇಕು.

ಬ್ಲಾಗಿಗ ಮಿತ್ರರೇ, ಕನ್ನಡದಲ್ಲಿ ತಂತ್ರಜ್ಞಾನ ಬರಬೇಕು ಅಂತ ನಾವೆಲ್ಲ ಗಂಟಲು ಹರ್ಕೊಂಡಿದ್ದೀವಿ. ತಂತ್ರಜ್ಞಾನ ಅಂದ್ರೆ ಕಂಪ್ಯೂಟರ್ ಮಾತ್ರಾನಾ? ನಿಮ್ಮೂರಲ್ಲಿ ಪಂಪು, ಟಿಲ್ಲರ್, ರಾಗಿ ಮಿಷಿನ್ ರಿಪೇರಿ ಬಲ್ಲೋರು ಒಬ್ಬರಾದ್ರೂ ಇರ್ತಾರೆ. ಅವರ ಹತ್ರ ಕೂತು ಕೇಳಿ, ಬರೆದು ಹಾಕಿ. ಎಣ್ಣೆ ವಿಷಯದಲ್ಲಿ ಇದಕ್ಕಿಂತ ಒಳ್ಳೆ ಉಪಾಯ ಗೊತ್ತಿದ್ರೆ ಕೆಳಗೆ ತಿಳಿಸಿ. "ಹೊಡಿ" ಅಂತ ಮಾತ್ರ ಬರೀಬೇಡಿ!