ಆಫೀಸ್ ಮಾನಿಟರ್ ಅಂದ್ರೆ ಮೂಗು ಮುರಿಯಬೇಡಿ

ಸೆಮಿಸ್ಟರ್ ಶುರುವಾಗಿ ಎರಡು ವಾರ ಆಗೋದ್ರೊಳಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: "ಲ್ಯಾಪ್‌ಟಾಪ್ ಸ್ಕ್ರೀನ್ ಸಣ್ಣದು, ಒಂದು ಮಾನಿಟರ್ ತಗೋಬೇಕು. ಆಫೀಸ್‌ದು ಸಾಕಾ, ಗೇಮಿಂಗ್‌ದೇ ಬೇಕಾ?" ಹತ್ತು ಜನ ಉತ್ತರ ಕೊಟ್ಟರೆ ಒಂಬತ್ತು ಜನ "144 ಹರ್ಟ್ಜ್ ಇಲ್ದೆ ತಗೋಬೇಡ ಮಾರಾಯ" ಅಂತಾರೆ. ನಾನು ಹತ್ತನೆಯವನು.

ಇದು ಬರೀ ಶೋಕಿಯ ಪ್ರಶ್ನೆ ಅಲ್ಲ. ಬೈತಖೋಲದಿಂದ ಬೋಟಿಗೆ ಹೋಗುವವರ ಮಕ್ಕಳು ನಮ್ಮ ಜೊತೆ ಓದ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾಲೇಜಿನ ಫೀಸು, ಹಾಸ್ಟೆಲ್ ಖರ್ಚು ಎಲ್ಲ ಬರುವುದು ಅದರ ಬೆನ್ನಿಗೇ. ಅಂಥ ಮನೆಯಲ್ಲಿ ಮಾನಿಟರಿಗೆ ದುಡ್ಡು ಕೇಳುವಾಗ, ಡಬ್ಬದ ಮೇಲಿನ ಕೆಂಪು ಡ್ರ್ಯಾಗನ್ ಚಿತ್ರಕ್ಕೆ ಎಷ್ಟು ಕೊಡ್ತಿದ್ದೇವೆ, ಒಳಗಿನ ಪ್ಯಾನೆಲ್‌ಗೆ ಎಷ್ಟು ಅಂತ ಗೊತ್ತಿರಬೇಕು.

ನನ್ನ ವಾದ ಇಷ್ಟೇ. "ಆಫೀಸ್ ಮಾನಿಟರ್" ಅನ್ನೋದು ಒಂದು ಜಾತಿ ಅಲ್ಲ. ಬ್ಯಾಂಕಿನ ಕೌಂಟರಿನಲ್ಲಿರುವ 19 ಇಂಚಿನ ಟಿಎನ್ ಪ್ಯಾನೆಲ್ಲೂ ಆಫೀಸ್ ಮಾನಿಟರೇ, ಡೆಲ್‌ನ ಪಿ2419ಎಚ್ ಕೂಡ ಆಫೀಸ್ ಮಾನಿಟರೇ. ಮೊದಲನೆಯದರಲ್ಲಿ ತಲೆ ಸ್ವಲ್ಪ ಕೆಳಗಿಳಿಸಿದರೆ ಬಣ್ಣ ಮಸಿ ಬಳಿದಂತಾಗುತ್ತದೆ. ಎರಡನೆಯದು 24 ಇಂಚಿನ ಐಪಿಎಸ್ ಪ್ಯಾನೆಲ್. ಎಸ್‌ಆರ್‌ಜಿಬಿ ಬಣ್ಣಗಳಲ್ಲಿ 99% ತೋರಿಸುತ್ತದೆ ಅಂತ ಕಂಪನಿಯೇ ಹೇಳಿಕೊಂಡಿದೆ. ಹೆಸರು ನೆನಪಿಟ್ಟುಕೊಳ್ಳೋದು ಕಷ್ಟ ಅಂದ್ರೆ ಸ್ಪೆಸಿಫಿಕೇಶನ್ ಹಾಳೆಯಲ್ಲಿ ವೀಕ್ಷಣಾ ಕೋನ ನೋಡಿ. 178/178 ಇದ್ದರೆ ಐಪಿಎಸ್ ಅಥವಾ ವಿಎ. 170/160 ಇದ್ದರೆ ಅದು ಟಿಎನ್, ಅಂಗಡಿಯವ ಏನೇ ಹೇಳಲಿ.

ಮೊದಲು ಎಡಿಟಿಂಗ್ ನೋಡೋಣ, ನಮ್ಮಲ್ಲಿ ಕೆಲವರಿಗೆ ಅದು ಪಾಕೆಟ್ ಮನಿ. ಅಂಕೋಲಾ, ಕಾರವಾರದ ಮದುವೆ ಸೀಸನ್ನಿನಲ್ಲಿ ವಿಡಿಯೋ ಕತ್ತರಿಸಿ ಜೋಡಿಸಿ ಕೊಡುವ ಹುಡುಗ ಹುಡುಗಿಯರು ನಮ್ಮಲ್ಲೇ ಇದ್ದಾರೆ. ಯೂಟ್ಯೂಬಿಗೆ ಹೋಗುವ ಮಾಮೂಲಿ ವಿಡಿಯೋಗಳ ಬಣ್ಣದ ಅಳತೆ ರೆಕ್ 709. ಅದರ ಮೂಲ ಕೆಂಪು, ಹಸಿರು, ನೀಲಿ ಎಸ್‌ಆರ್‌ಜಿಬಿಯವೇ. ಅಂದರೆ ಎಸ್‌ಆರ್‌ಜಿಬಿ ಪೂರ್ತಿ ತೋರಿಸುವ ಆಫೀಸ್ ಐಪಿಎಸ್ ಈ ಕೆಲಸಕ್ಕೆ ಧಾರಾಳ ಸಾಕು. ರಾತ್ರಿಯ ಬಯಲಾಟದ ದೃಶ್ಯ ಎಡಿಟ್ ಮಾಡಿದವರಿಗೆ ಇದರ ಬೆಲೆ ಗೊತ್ತು. ಹಿಂದೆ ಗಾಢ ಕತ್ತಲು, ಮುಂದೆ ಕಿರೀಟದ ಚಿನ್ನದ ಬಣ್ಣ, ಬಣ್ಣದ ವೇಷದ ಕೆಂಪು. ಟಿಎನ್‌ನಲ್ಲಿ ಕೂತು ಆ ಕೆಂಪನ್ನು ಸರಿಮಾಡಿದರೆ ನೀವು ಸರಿಮಾಡಿದ್ದು ವಿಡಿಯೋವನ್ನಲ್ಲ, ನಿಮ್ಮ ಕುತ್ತಿಗೆಯ ಕೋನವನ್ನು. ರಾಜ್ಯೋತ್ಸವದ ವಿಡಿಯೋದಲ್ಲಿ ಬಾವುಟದ ಹಳದಿ ಒಬ್ಬರ ಸ್ಕ್ರೀನಿನಲ್ಲಿ ನಿಂಬೆಹಣ್ಣು, ಇನ್ನೊಬ್ಬರದರಲ್ಲಿ ಅರಿಶಿನ ಆಗೋದಕ್ಕೆ ಕಾರಣ ಹೆಚ್ಚಾಗಿ ಇಂಥದ್ದೇ.

60 ಹರ್ಟ್ಜ್‌ಗೆ ಎಡಿಟಿಂಗಿನಲ್ಲಿ ಒಂದು ತಕರಾರಿದೆ, ಅದನ್ನು ಮುಚ್ಚಿಡಲ್ಲ. ನಮ್ಮ ಕರೆಂಟು 50 ಹರ್ಟ್ಜ್. ಟ್ಯೂಬ್‌ಲೈಟ್ ಕೆಳಗೆ ಪಟ್ಟೆ ಬೀಳದಿರಲಿ ಅಂತ 1/50 ಶಟರ್ ಇಟ್ಟು ಸೆಕೆಂಡಿಗೆ 25 ಫ್ರೇಮಿನಲ್ಲಿ ಶೂಟ್ ಮಾಡ್ತೇವೆ. 60ನ್ನು 25ರಿಂದ ಸಮವಾಗಿ ಭಾಗಿಸೋಕೆ ಆಗಲ್ಲ. ಹಾಗಾಗಿ ಒಂದು ಫ್ರೇಮ್ ಎರಡು ಸಲ, ಇನ್ನೊಂದು ಮೂರು ಸಲ ಕಾಣಿಸಿಕೊಂಡು, ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಸಣ್ಣ ಜರ್ಕ್ ಬರುತ್ತದೆ. ವಿಡಿಯೋ ಕೆಟ್ಟಿಲ್ಲ, ಸ್ಕ್ರೀನ್ ಹಾಗೆ ತೋರಿಸ್ತಿದೆ. ಕೆಲವು ಮಾನಿಟರ್‌ಗಳು ಸೆಟಿಂಗ್ಸ್‌ನಲ್ಲಿ 50ಕ್ಕೆ ಇಳಿಸಿದರೆ ಒಪ್ಪಿಕೊಳ್ಳುತ್ತವೆ, ಪ್ರಯತ್ನಿಸಿ. ಮತ್ತೆ ಎಚ್‌ಡಿಆರ್ ಕೆಲಸಕ್ಕೆ ಈ 250 ನಿಟ್ಸ್ ಬೆಳಕಿನ ಪ್ಯಾನೆಲ್ಲು ಬರಲ್ಲ. ಅದನ್ನು ಕೇಳುವ ಗಿರಾಕಿ ಸದ್ಯ ನನಗೆ ಕಾರವಾರದಲ್ಲಿ ಸಿಕ್ಕಿಲ್ಲ.

ಇನ್ನು ಗೇಮಿಂಗ್. 60 ಹರ್ಟ್ಜ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ ಥರದ ಆಟ ಸ್ಪರ್ಧೆಗಾಗಿ ಆಡುವವರಿಗೆ ಈ ವ್ಯತ್ಯಾಸ ಕಣ್ಣಿಗೂ ಕೈಗೂ ಗೊತ್ತಾಗುತ್ತದೆ. ಅಂಥವರಿಗೆ ಆಫೀಸ್ ಮಾನಿಟರ್ ಸಾಲದು, ಮಾತು ಮುಗೀತು. ಆದರೆ ಲ್ಯಾಪ್‌ಟಾಪ್ ಸೆಕೆಂಡಿಗೆ 144 ಫ್ರೇಮ್ ತಯಾರಿಸಿದರೆ ತಾನೇ ಮಾನಿಟರ್ ತೋರಿಸೋದು? ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದ ಲ್ಯಾಪ್‌ಟಾಪ್‌ನಲ್ಲಿ ಭಾರೀ ಆಟಗಳು 30-40 ಫ್ರೇಮಿಗೇ ಏದುಸಿರು ಬಿಡ್ತವೆ. ಅದಕ್ಕೆ 144ರ ಮಾನಿಟರ್ ಜೋಡಿಸೋದು ಹೊಂಡ ಬಿದ್ದ ಘಟ್ಟದ ರಸ್ತೆಗೆ ರೇಸ್ ಕಾರು ತಂದಂತೆ. ಮೊದಲು ನಿಮ್ಮ ಆಟದಲ್ಲಿ ಫ್ರೇಮ್ ಕೌಂಟರ್ ಹಾಕಿ ನೋಡಿ, 60 ದಾಟದಿದ್ದರೆ ದುಡ್ಡು ಉಳೀತು.

ಅಗ್ಗದ ಗೇಮಿಂಗ್ ಮಾನಿಟರ್‌ಗಳ ಬಗ್ಗೆಯೂ ಒಂದು ಮಾತು. ಡಬ್ಬದ ಮೇಲಿನ "1 ಮಿಲಿಸೆಕೆಂಡ್" ಬಹಳ ಸಲ ಎಂಪಿಆರ್‌ಟಿ ಎಂಬ ಲೆಕ್ಕ. ಪಿಕ್ಸೆಲ್ ಬಣ್ಣ ಬದಲಿಸುವ ನಿಜವಾದ ವೇಗ ಬೇರೆ. ಅವುಗಳಲ್ಲಿ ಹಲವು ವಿಎ ಪ್ಯಾನೆಲ್. ಕಪ್ಪು ಚೆನ್ನಾಗಿರುತ್ತದೆ, ಆದರೆ ಕತ್ತಲ ದೃಶ್ಯ ಸರಿದಾಗ ನೆರಳು ಹಿಂದೆ ಎಳೆದುಕೊಂಡು ಬರುತ್ತದೆ. ಅದೇ ದುಡ್ಡಿಗೆ ಆಟವೂ ಎಡಿಟಿಂಗೂ ಬೇಕು ಅನ್ನುವವರಿಗೆ ನಾನಂತೂ ಅದನ್ನು ಹೇಳಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಂಪನಿಗಳು ಬಳಸಿ ಬಿಟ್ಟ ಇಂಥ ಐಪಿಎಸ್ ಮಾನಿಟರ್‌ಗಳು ಸಿಗುತ್ತವೆ, ಹೊಸದಕ್ಕಿಂತ ಎಷ್ಟೋ ಅಗ್ಗಕ್ಕೆ. ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಊರಿಗೆ ತರಬಹುದು, ಹೊದಿಕೆಯಲ್ಲಿ ಸುತ್ತಿಕೊಂಡು. ಕೊಳ್ಳುವಾಗ ಪೂರ್ತಿ ಕಪ್ಪು, ಪೂರ್ತಿ ಬಿಳಿ, ಪೂರ್ತಿ ಬೂದು ಮೂರು ಚಿತ್ರ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಹೋಗಿ. ಸತ್ತ ಪಿಕ್ಸೆಲ್ಲು, ಮೂಲೆಯಲ್ಲಿ ಸೋರುವ ಬೆಳಕು, ಹಳದಿ ಮಚ್ಚೆ ಅಲ್ಲೇ ಗೊತ್ತಾಗುತ್ತದೆ. ಹಿಂದಿನ ಪೋರ್ಟುಗಳಲ್ಲಿ ತುಕ್ಕಿದ್ದರೆ ಬಿಟ್ಟುಬಿಡಿ. ನಮ್ಮ ಕಡಲಿನ ಉಪ್ಪು ಗಾಳಿ ಅದನ್ನು ಕಡಿಮೆ ಮಾಡಲ್ಲ, ಬೆಳೆಸುತ್ತದೆ. ಎತ್ತರ ಏರಿಸಿ ಇಳಿಸುವ ಸ್ಟ್ಯಾಂಡ್ ಜೊತೆಗೇ ಬಂದರೆ ಲಾಭ. ಅಗ್ಗದ ಗೇಮಿಂಗ್ ಮಾನಿಟರ್ ಕೊಂಡವರಲ್ಲಿ ಎಷ್ಟು ಜನ ಅದರ ಕೆಳಗೆ ವಿಟಿಯು ಪುಸ್ತಕ ಪೇರಿಸಿದ್ದಾರೆ, ಹಾಸ್ಟೆಲ್ಲಿನಲ್ಲಿ ಒಂದು ಸುತ್ತು ಹಾಕಿ ನೋಡಿ.

ತಂದ ಮೇಲೆ ವಿಜಿಎ ಕೇಬಲ್ಲಿಗೆ ಜೋಡಿಸಬೇಡಿ. ಅಕ್ಷರ ಮಸುಕಾಗಿ ಕಂಡು, ಬೈಗುಳ ಮಾನಿಟರಿಗೆ ಬೀಳುತ್ತದೆ. ಎಚ್‌ಡಿಎಂಐ ಹಾಕಿ. ಸ್ಪೀಕರ್ ಮಾತ್ರ ಇಂಥವುಗಳಲ್ಲಿ ಬಹುತೇಕ ಇರೋದಿಲ್ಲ, ಚಂಡೆ ಮದ್ದಳೆಗೆ ಹೆಡ್‌ಫೋನೇ ಗತಿ.